ರತ್ನಾಗಿರಿಯ ರಾಜನ ಮನೆಯೂ ನಮ್ಮ 'ವನವಾಸ'ವೂ

ನಮ್ಮ ಮುಂಬಯಿಯ ಕನ್ನಡ ಸಮಾರಂಭಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ. ಮೈಕಿನ ಮುಂದೆ ನಿಂತವರು ಗಂಟಲು ಸರಿಮಾಡಿಕೊಂಡು, "ತಾಯ್ನಾಡಿನಿಂದ ದೂರವಾಗಿ ಈ ಪರನಾಡಿನಲ್ಲಿ ವನವಾಸ ಅನುಭವಿಸುತ್ತಿರುವ ನಾವು..." ಎಂದು ಶುರು ಮಾಡುತ್ತಾರೆ. ಸಭೆಯಲ್ಲಿ ಕೂತವರು ತಲೆಯಾಡಿಸುತ್ತಾರೆ. ಆಮೇಲೆ ಎಲ್ಲರೂ ಊಟಕ್ಕೆ ಹೋಗುತ್ತೇವೆ. ಊಟದ ಸಾಲಿನಲ್ಲಿ ಮಾತು ಏನೆಂದರೆ, ಗಣೇಶ ಚೌತಿಗೆ ಊರಿಗೆ ಹೋಗಲು ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ ಟಿಕೇಟು ಸಿಕ್ಕಿತೋ ಇಲ್ಲವೋ ಎಂಬುದು. ಇದೆಂಥ ವನವಾಸ ಮಾರಾಯ್ರೆ?

ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಈ ಊರಲ್ಲಿದ್ದೇನೆ. ಈ ಮಾತು ಕೇಳಿದಾಗೆಲ್ಲ ನಾನೂ ಸುಮ್ಮನಿರುತ್ತಿದ್ದೆ. ಆದರೆ ಕಳೆದ ಚಳಿಗಾಲದಲ್ಲಿ ಆಫೀಸಿನ ಇನ್‌ಸ್ಪೆಕ್ಷನ್ ಕೆಲಸಕ್ಕೆಂದು ರತ್ನಾಗಿರಿಗೆ ಹೋದವನು, ನಡುವೆ ಸಿಕ್ಕ ಒಂದು ಭಾನುವಾರ ಅಲ್ಲಿನ ಥೀಬಾ ಪ್ಯಾಲೇಸು ನೋಡಿ ಬಂದೆ. ಅಂದಿನಿಂದ ಆ ಶಬ್ದವನ್ನು ನಮ್ಮಂಥವರು ಬಳಸುವುದು ನನಗೆ ಸರಿಯೆನಿಸುತ್ತಿಲ್ಲ. ದೇಶದಿಂದ ಅಟ್ಟಲ್ಪಡುವುದೆಂದರೆ ಏನು ಎನ್ನುವುದು ಆ ಮನೆಯನ್ನು ಸರಿಯಾಗಿ ನೋಡಿದರೆ ಗೊತ್ತಾಗುತ್ತದೆ. ತೊಂದರೆಯೇನೆಂದರೆ, ಬಂದವರಲ್ಲಿ ಹೆಚ್ಚಿನವರು ಅದನ್ನು ಸರಿಯಾಗಿ ನೋಡುವುದಿಲ್ಲ. ಹೊರಗೆ ನಿಂತು ಫೋಟೋ ತೆಗೆದು, "ಪಾಪ, ಯಾರೋ ಬರ್ಮಾದ ರಾಜನಂತೆ" ಎಂದು ಹೇಳಿ, ಮುಂದೆ ಗಣಪತಿಪುಳೆಗೆ ಹೋಗಿಬಿಡುತ್ತಾರೆ.

ಕತೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಥೀಬಾ (ಮರಾಠಿಯವರ ಬಾಯಲ್ಲಿ ಹಾಗೆ, ಬರ್ಮೀಯರ ಹೆಸರು ಥೀಬಾ ಮಿನ್) ಬರ್ಮಾದ ಕೊನೆಯ ರಾಜ. ಹುಟ್ಟಿದ್ದು 1859ರಲ್ಲಿ, ಮಂಡಾಲೆಯ ಪಟ್ಟಕ್ಕೆ ಬಂದದ್ದು 1878ರಲ್ಲಿ, ಅಂದರೆ ಇನ್ನೂ ಇಪ್ಪತ್ತು ತುಂಬದ ಹುಡುಗ. ಬೌದ್ಧ ಧರ್ಮಗ್ರಂಥಗಳ ಪರೀಕ್ಷೆ ಪಾಸು ಮಾಡಿದವನು. ರಾಜ್ಯವಾಳುವ ತಯಾರಿ ಮಾತ್ರ ಇರಲಿಲ್ಲ. ಪಟ್ಟಕ್ಕೆ ಬಂದ ಮರುವರ್ಷವೇ ಸಿಂಹಾಸನಕ್ಕೆ ಹಕ್ಕು ಹೇಳಬಹುದಾದ ಸುಮಾರು ಎಂಬತ್ತು ಮಂದಿ ರಾಜಬಂಧುಗಳನ್ನು ಅರಮನೆಯಲ್ಲಿ ಕೊಲ್ಲಿಸಲಾಯಿತು. ರಾಣಿ ಸುಪಾಯಲತ್ ಮತ್ತು ಅವಳ ತಾಯಿಯ ಕೈವಾಡ ಅದು ಎನ್ನುತ್ತಾರೆ. ಹೌದಿರಬಹುದು, ಆದರೆ ನಡೆದದ್ದು ಅವನ ಹೆಸರಿನಲ್ಲೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಗಡೀಪಾರಾದವರ ಬಗ್ಗೆ ಬರೆಯುವಾಗ ಅವರನ್ನು ದೇವರು ಮಾಡಿಬಿಡುವ ಚಾಳಿ ನಮ್ಮಲ್ಲಿದೆ. ಥೀಬಾ ದೇವರೇನಲ್ಲ.

ಆದರೆ ಅವನ ರಾಜ್ಯ ಹೋದದ್ದು ಆ ಪಾಪಕ್ಕಲ್ಲ. ತೇಗದ ಮರದ ಲೆಕ್ಕಕ್ಕೆ! ಇದು ನನ್ನಂಥ ಬ್ಯಾಂಕಿನವನಿಗೆ ಆಸಕ್ತಿಯ ವಿಷಯ. ನಮ್ಮ ಮುಂಬಯಿಯಲ್ಲೇ 1863ರಲ್ಲಿ ಹುಟ್ಟಿದ ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಶನ್ ಎಂಬ ಕಂಪನಿ ಬರ್ಮಾದ ಕಾಡುಗಳಿಂದ ತೇಗದ ದಿಮ್ಮಿ ಸಾಗಿಸುತ್ತಿತ್ತು. ದಿಮ್ಮಿಗೆ ಇಷ್ಟು ಎಂದು ರಾಜನಿಗೆ ಹಣ ಕೊಡಬೇಕು. ಸಾಗಿಸಿದ್ದು ಹೆಚ್ಚು, ಲೆಕ್ಕ ತೋರಿಸಿದ್ದು ಕಡಿಮೆ ಎಂದು ರಾಜನ ಮಂತ್ರಿಮಂಡಲ 1885ರಲ್ಲಿ ಸುಮಾರು 23 ಲಕ್ಷ ರೂಪಾಯಿ ದಂಡ ಹಾಕಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಆಡಿಟ್ ಆಬ್ಜೆಕ್ಷನ್. ಅದಕ್ಕೆ ಉತ್ತರವಾಗಿ ಬಂದದ್ದು ಜನರಲ್ ಪ್ರೆಂಡರ್‌ಗಾಸ್ಟನ ಸೈನ್ಯ. ಫ್ರೆಂಚರ ಜೊತೆ ಥೀಬಾ ಸ್ನೇಹ ಬೆಳೆಸುತ್ತಿದ್ದಾನೆ ಎಂಬ ಭಯವೂ ಅದರ ಹಿಂದೆ ಇತ್ತು, ಒಪ್ಪೋಣ. ನವೆಂಬರ್ ಮಧ್ಯದಲ್ಲಿ ಶುರುವಾದ ಯುದ್ಧ ಎರಡು ವಾರದಲ್ಲಿ ಮುಗಿಯಿತು. ರಾಜ, ರಾಣಿಯನ್ನು ಎತ್ತಿನಗಾಡಿಯಲ್ಲಿ ಕೂರಿಸಿ ಇರಾವತಿ ನದಿಯ ದಡಕ್ಕೆ ತಂದು ಹಡಗು ಹತ್ತಿಸಿದರು. 1886ರ ಜನವರಿ 1ರಂದು ಬರ್ಮಾ ಬ್ರಿಟಿಷರ ರಾಜ್ಯಕ್ಕೆ ಸೇರಿತು. ಆ ಕಂಪನಿ ಈಗಲೂ ಇದೆ, ಷೇರು ಪೇಟೆಯಲ್ಲಿ ಅದರ ಷೇರು ಸಿಗುತ್ತದೆ. ಬ್ರಿಟಾನಿಯಾ ಬಿಸ್ಕೀಟು ಕಂಪನಿ ಅದೇ ಬಳಗದ್ದು. ಚಹಾ ಕುಡಿಯುವಾಗ ನೆನಪಿರಲಿ, ಅಷ್ಟೆ.

ರಾಜನನ್ನು ಮೊದಲು ಮದ್ರಾಸಿಗೆ ತಂದರು. ಅಲ್ಲಿಂದ 1886ರ ಏಪ್ರಿಲ್‌ನಲ್ಲಿ ರತ್ನಾಗಿರಿಗೆ. ಯಾಕೆ ರತ್ನಾಗಿರಿ? ಭೂಪಟ ನೋಡಿದರೆ ಗೊತ್ತಾಗುತ್ತದೆ. ಒಂದು ಕಡೆ ಸಹ್ಯಾದ್ರಿ, ಇನ್ನೊಂದು ಕಡೆ ಸಮುದ್ರ. ರೈಲು ಇಲ್ಲ. ಮಳೆಗಾಲದಲ್ಲಿ ಹಡಗೂ ಇಲ್ಲ. ನಾವು ಕರಾವಳಿಯವರಿಗೆ ಈ ಲೆಕ್ಕ ಬೇಗ ತಿಳಿಯುತ್ತದೆ. ಕೊಂಕಣ ರೈಲು ಪೂರ್ತಿಯಾಗಿ ಓಡಲು ಶುರುವಾದದ್ದು 1998ರಲ್ಲಿ. ಅದಕ್ಕೆ ಮುಂಚೆ ಮುಂಬಯಿಯಿಂದ ಉಡುಪಿಗೆ ಬಸ್ಸಿನಲ್ಲಿ ಹೋದವರಿಗೆ ಕೊಂಕಣದ ದಾರಿ ಎಂದರೆ ಏನೆಂದು ನಾನು ಹೇಳಬೇಕಾಗಿಲ್ಲ. ಈಗ ಹಾಫೂಸ್ ಮಾವಿನ ಊರು ಎಂದು ಕೊಂಡಾಡುವ ಜಾಗವನ್ನು ಸರಕಾರ ಆಗ ಆರಿಸಿದ್ದು, ಅಲ್ಲಿಗೆ ಯಾರೂ ಸುಲಭವಾಗಿ ಬರಲಾರರು ಎಂಬ ಒಂದೇ ಕಾರಣಕ್ಕೆ.

ಇನ್ನು ಮನೆಯ ವಿಷಯ. ಊರಿನ ಎತ್ತರದ ಜಾಗದಲ್ಲಿ, ವಿಶಾಲವಾದ ಅಂಗಳದ ನಡುವೆ ಮೂರಂತಸ್ತಿನ ಕೆಂಪು ಕಟ್ಟಡ. ಇಳಿಜಾರು ಛಾವಣಿ, ಅರ್ಧಚಂದ್ರದ ಕಿಟಕಿಗಳು, ಮರದ ಕೆತ್ತನೆ ಕೆಲಸ. ನಾವು ಮುರಕಲ್ಲು ಅನ್ನುವುದನ್ನು ಅಲ್ಲಿ ಜಾಂಭಾ ಅನ್ನುತ್ತಾರೆ. ಆ ಕಲ್ಲು ನೋಡಿದ ಕೂಡಲೇ ನನಗೆ ನಮ್ಮ ಊರಿನ ಶಾಲೆಯ ನೆನಪಾಯಿತು. ಒಳಗೆ ದೊಡ್ಡ ದೊಡ್ಡ ಕೋಣೆಗಳು, ಮೇಲೆ ಅಮೃತಶಿಲೆ ಹಾಸಿದ ಹಾಲ್. ಹಿಂದುಗಡೆ ರಾಜ ಸ್ಥಾಪಿಸಿದ ಬುದ್ಧನ ಮೂರ್ತಿ ಇದೆ. ಈಗ ಕಟ್ಟಡ ರಾಜ್ಯ ಸರಕಾರದ ಪುರಾತತ್ತ್ವ ಇಲಾಖೆಯ ಕೈಯಲ್ಲಿದೆ, ಅದರೊಳಗೆ ಒಂದು ವಸ್ತುಸಂಗ್ರಹಾಲಯ ಉಂಟು. ಹತ್ತಿರದಲ್ಲೇ ಥೀಬಾ ಪಾಯಿಂಟ್ ಎಂಬ ಜಾಗ. ಅಲ್ಲಿಂದ ಭಾಟ್ಯೆಯ ಅಳಿವೆ, ಸೇತುವೆ, ಆಚೆಗೆ ಸಮುದ್ರ ಎಲ್ಲ ಕಾಣುತ್ತದೆ. ಸಂಜೆಗೆ ಜನ ಸೂರ್ಯಾಸ್ತ ನೋಡಲು, ಕುರುಕಲು ತಿನ್ನಲು ಬರುತ್ತಾರೆ.

ನನ್ನ ಜೊತೆ ಅಲ್ಲಿನ ಶಾಖೆಯ ದಫ್ತರಿ ಬಂದಿದ್ದರು. ನಿವೃತ್ತಿಗೆ ಎರಡು ವರ್ಷ ಉಳಿದಿರುವ, ಅಲ್ಲೇ ಹುಟ್ಟಿ ಬೆಳೆದ ಮನುಷ್ಯ. ಮೇಲಿನ ಹಾಲಿನ ಕಿಟಕಿಯ ಹತ್ತಿರ ನಿಂತು, "ಇಲ್ಲೇ ಕೂತು ಮೂವತ್ತು ವರ್ಷ ರಾಜಾಸಾಹೇಬರು ಹಡಗು ಎಣಿಸುತ್ತಿದ್ದರಂತೆ, ಸಾಹೇಬ್" ಎಂದರು. ಊರಲ್ಲೆಲ್ಲ ಇರುವ ಕತೆ ಇದು. ಬರುವ ಜನರೆಲ್ಲ ನಂಬಿಕೊಂಡು ಹೋಗುವುದೂ ಇದನ್ನೇ.

ಲೆಕ್ಕ ಹಾಗಿಲ್ಲ. ಥೀಬಾ ರತ್ನಾಗಿರಿಯಲ್ಲಿದ್ದದ್ದು ಮೂವತ್ತು ವರ್ಷ ಎಂಟು ತಿಂಗಳು. ಈ ಮನೆ ಕಟ್ಟಿ ಮುಗಿದದ್ದು 1910ರಲ್ಲಿ. ಅವನು ತೀರಿಕೊಂಡದ್ದು 1916ರ ಡಿಸೆಂಬರಿನಲ್ಲಿ. ಅಂದರೆ ಇಲ್ಲಿ ಇದ್ದದ್ದು ಬರೇ ಆರು ವರ್ಷ. ಅದಕ್ಕೆ ಮುಂಚಿನ ಇಪ್ಪತ್ತನಾಲ್ಕು ವರ್ಷ ಅವನ ಸಂಸಾರ ಕಳೆದದ್ದು ಸರಕಾರ ಗೊತ್ತು ಮಾಡಿಕೊಟ್ಟ ಬಂಗಲೆಗಳಲ್ಲಿ. ಇಪ್ಪತ್ತಾರು ಇಪ್ಪತ್ತೇಳರ ಪ್ರಾಯದಲ್ಲಿ ಬಂದವನಿಗೆ ಸ್ವಂತವೆನ್ನಬಹುದಾದ ಮನೆ ಸಿಕ್ಕಿದ್ದು ಐವತ್ತು ದಾಟಿದ ಮೇಲೆ. ಮುಂಬಯಿಯಲ್ಲಿ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹನ್ನೊಂದು ತಿಂಗಳ ಕರಾರಿನಲ್ಲಿ ಅಲೆದವರಿಗೆ ಇದು ಸ್ವಲ್ಪ ಅರ್ಥವಾದೀತು. ಆದರೆ ನಮಗೆ ಬೇಡವೆಂದರೆ ಗಂಟುಮೂಟೆ ಕಟ್ಟಿ ಊರಿಗೆ ಹೋಗುವ ದಾರಿ ಇತ್ತು. ಅವನಿಗೆ ರತ್ನಾಗಿರಿ ದಾಟಿ ಹೊರಗೆ ಕಾಲಿಡುವಂತಿರಲಿಲ್ಲ.

ಆದ್ದರಿಂದ ಈ ಕಟ್ಟಡವನ್ನು 'ಗಡೀಪಾರಾದ ರಾಜನ ಮನೆ' ಎಂದು ನೋಡಿದರೆ ಅರ್ಧ ಸುಳ್ಳು ನೋಡಿದ ಹಾಗೆ. ಇಷ್ಟು ದೊಡ್ಡ ಮನೆ ಕಟ್ಟಿಕೊಟ್ಟರಲ್ಲ, ಬ್ರಿಟಿಷರು ಚೆನ್ನಾಗಿಯೇ ನೋಡಿಕೊಂಡರಲ್ಲ ಎಂದು ಅನ್ನಿಸುತ್ತದೆ. ನಮ್ಮ ಮುಂದೆ ಹೋಗುತ್ತಿದ್ದ ಪುಣೆಯ ಒಂದು ಸಂಸಾರದ ಯಜಮಾನರು ಅದನ್ನೇ ಗಟ್ಟಿಯಾಗಿ ಹೇಳಿದರು: "ಇಂಥ ಜೈಲು ನಮಗೂ ಸಿಗಲಿ!" ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ.

ಯಾಕೆಂದರೆ ಆ ಜೈಲಿನ ಸರಳು ಕಲ್ಲಿನದ್ದಲ್ಲ, ದುಡ್ಡಿನದ್ದು. ಸರಕಾರ ರಾಜನಿಗೆ ಪೆನ್ಶನ್ ಕೊಡುತ್ತಿತ್ತು. ಆದರೆ ಅದು ಎಷ್ಟಿರಬೇಕು, ಯಾವುದಕ್ಕೆ ಖರ್ಚಾಗಬೇಕು ಎಂಬುದಕ್ಕೆ ಮೇಲೆ ಒಬ್ಬ ಅಧಿಕಾರಿಯ ಕಣ್ಣು. ಅರಸನಿಗೆ ದುಡ್ಡು ಎಣಿಸಿ ಗೊತ್ತಿಲ್ಲ, ಆಳುಕಾಳು ಬಿಟ್ಟು ಗೊತ್ತಿಲ್ಲ. ತಂದ ಕೆಂಪು, ವಜ್ರಗಳನ್ನು ಒಂದೊಂದಾಗಿ ವ್ಯಾಪಾರಿಗಳಿಗೆ ಸಿಕ್ಕಿದ ಬೆಲೆಗೆ ಮಾರಿದ. ಸಾಲ ಮಾಡಿದ. ಹೆಚ್ಚು ಕೊಡಿ ಎಂದು ಅರ್ಜಿ ಬರೆದ. ಹಣ ಜೋಪಾನ ಮಾಡಲಾರದವನು ಎಂದು ಸರಕಾರ ಅವನ ಕೈ ಇನ್ನಷ್ಟು ಕಟ್ಟಿತು. ಖಾತೆ ನಿಮ್ಮದೇ, ಚೆಕ್‌ಬುಕ್ಕು ಮಾತ್ರ ನಮ್ಮ ಹತ್ತಿರ ಎಂದ ಹಾಗೆ. ನನ್ನ ಸರ್ವಿಸಿನಲ್ಲಿ ಇಂಥ ಖಾತೆಗಳನ್ನು ನೋಡಿದ್ದೇನೆ. ತಂದೆಯ ಪೆನ್ಶನ್ ಹಣ, ಮಗ ಹೆಬ್ಬೆಟ್ಟು ಒತ್ತಿಸಿ ತೆಗೆಯುವುದು. ಮುದುಕರು ಕೌಂಟರಿನ ಆಚೆ ಬೆಂಚಿನ ಮೇಲೆ ಸುಮ್ಮನೆ ಕೂತಿರುತ್ತಾರೆ. ಊಟಕ್ಕೆ ಕೊರತೆಯಿಲ್ಲ, ಬಟ್ಟೆಗೆ ಕೊರತೆಯಿಲ್ಲ. ಆದರೂ ಅವರ ಮುಖ ನೋಡಲಾಗುವುದಿಲ್ಲ.

ಕೆಂಪಿನ ಮಾತು ಬಂದದ್ದಕ್ಕೆ ಇನ್ನೊಂದು. ಬರ್ಮಾ ರಾಜರ ಬಳಿ ಙಾ ಮೌಕ್ ಎಂಬ ಹೆಸರಾಂತ ಮಾಣಿಕ್ಯವಿತ್ತು. ಅರಮನೆ ಬಿಡುವ ಗಡಿಬಿಡಿಯಲ್ಲಿ ಅದನ್ನು ಜೋಪಾನವಾಗಿಡಲು ಕರ್ನಲ್ ಸ್ಲೇಡನ್ ಎಂಬ ಬ್ರಿಟಿಷ್ ಅಧಿಕಾರಿಯ ಕೈಗೆ ಕೊಟ್ಟೆ, ಮರಳಿ ಬರಲೇ ಇಲ್ಲ ಎಂದು ಥೀಬಾ ಕೊನೆಯವರೆಗೂ ಹೇಳುತ್ತಿದ್ದ. ಸರಕಾರಕ್ಕೆ ಬರೆದ. ಆ ಕಲ್ಲು ಸಿಗಲೇ ಇಲ್ಲ. ಸೇಫ್ ಕಸ್ಟಡಿ, ರಸೀದಿ ಇಲ್ಲ! ನಮ್ಮಲ್ಲಿ ಲಾಕರಿನ ಕೀಲಿಗೂ ಎರಡು ಸಹಿ ಬೇಕು. ಆದರೆ ಸೈನ್ಯ ಬಾಗಿಲಲ್ಲಿ ನಿಂತಿರುವಾಗ ಯಾವ ರಾಜ ರಸೀದಿ ಕೇಳಿಯಾನು?

ಇದನ್ನು ಓದುವಾಗ ನಮ್ಮವನೇ ಒಬ್ಬ ನೆನಪಾಗುತ್ತಾನೆ, ಕೊಡಗಿನ ಚಿಕ್ಕವೀರರಾಜೇಂದ್ರ. ಅವನ ಕೈಗೂ ರಕ್ತ ಅಂಟಿತ್ತು. 1834ರಲ್ಲಿ ರಾಜ್ಯ ಕಳೆದುಕೊಂಡು ಕಾಶಿಗೆ ಕಳಿಸಲ್ಪಟ್ಟ. ಕಂಪನಿ ಸರಕಾರದಲ್ಲಿ ತನ್ನ ಮನೆತನ ಇಟ್ಟಿದ್ದ ಸಾಲಪತ್ರಗಳ ಹಣ ತನಗೆ ಬರಬೇಕೆಂದು ಹಠ ಹಿಡಿದು 1852ರಲ್ಲಿ ಲಂಡನ್ನಿಗೇ ಹೋದ, ಕೋರ್ಟು ಹತ್ತಿದ. ಮಗಳು ಗೌರಮ್ಮನಿಗೆ ವಿಕ್ಟೋರಿಯಾ ರಾಣಿ ಧರ್ಮತಾಯಿಯಾದಳು. ಅಪ್ಪನಿಗೆ ಹಣ ಸಿಗಲಿಲ್ಲ. 1859ರಲ್ಲಿ ಅಲ್ಲೇ ತೀರಿಕೊಂಡ. ಯುದ್ಧದಲ್ಲಿ ರಾಜ್ಯ ವಶಪಡಿಸಿಕೊಂಡದ್ದನ್ನು ನ್ಯಾಯಾಲಯ ಪ್ರಶ್ನಿಸಲು ಬರುವುದಿಲ್ಲ ಎಂಬುದು ತೀರ್ಪು. ಮಾಸ್ತಿಯವರ ಕಾದಂಬರಿ ಇರದಿದ್ದರೆ ನಮ್ಮಲ್ಲಿ ಎಷ್ಟು ಮಂದಿಗೆ ಅವನ ಹೆಸರು ಗೊತ್ತಿರುತ್ತಿತ್ತು ಹೇಳಿ. ಮಡಿಕೇರಿಯ ಅರಮನೆ ನೋಡುತ್ತೇವೆ, ಅವನ ಗಡೀಪಾರಿನ ಮನೆಯನ್ನು ನೋಡಲು ಯಾರು ಕಾಶಿಗೆ ಹೋಗುತ್ತಾರೆ? ಆ ಲೆಕ್ಕದಲ್ಲಿ ರತ್ನಾಗಿರಿಯವರು ಥೀಬಾನ ಮನೆಯನ್ನು ಉಳಿಸಿಕೊಂಡಿರುವುದು ದೊಡ್ಡ ಮಾತೇ. ಅದನ್ನು ಮೆಚ್ಚಲೇಬೇಕು.

ಆದರೂ ನನ್ನದೊಂದು ತಕರಾರಿದೆ. ಆ ಮನೆಯನ್ನು ನಾವು ರಾಜನ ಮನೆ ಎಂದು ನೋಡುತ್ತೇವೆ. ನನ್ನ ಪ್ರಕಾರ ಅದು ಅವನ ನಾಲ್ಕು ಹೆಣ್ಣುಮಕ್ಕಳ ಮನೆ. ರಾಜ್ಯ ಆಳಿದ್ದು ಅವನು, ಕಳೆದದ್ದು ಅವನು. ಒಳ್ಳೆಯದೋ ಕೆಟ್ಟದ್ದೋ ಒಂದು ಕಾಲದಲ್ಲಿ ಎಲ್ಲ ಅನುಭವಿಸಿದವನು. ಆ ಹುಡುಗಿಯರು ಏನು ಮಾಡಿದ್ದರು? ದೊಡ್ಡವಳು 1880ರಲ್ಲಿ, ಎರಡನೆಯವಳು 1882ರಲ್ಲಿ ಮಂಡಾಲೆಯಲ್ಲಿ ಹುಟ್ಟಿದರು. ಮೂರನೆಯವಳು ಮದ್ರಾಸಿನಲ್ಲಿ. ನಾಲ್ಕನೆಯವಳು ರತ್ನಾಗಿರಿಯಲ್ಲೇ, 1887ರಲ್ಲಿ. ಬರ್ಮಾದ ಕೊನೆಯ ರಾಜಕುಮಾರಿ ಹುಟ್ಟಾ ಕೊಂಕಣಿಗಳು! ಈ ಮನೆ ಕಟ್ಟಿ ಮುಗಿಯುವಾಗ ದೊಡ್ಡವಳಿಗೆ ಮೂವತ್ತು. ಒಬ್ಬಳಿಗೂ ಮದುವೆಯಾಗಿರಲಿಲ್ಲ. ರಾಜರಕ್ತದ ವರನೇ ಬೇಕೆಂದು ತಂದೆ ತಾಯಿ. ಅಂಥ ವರ ಇದ್ದರೆ ಬರ್ಮಾದಲ್ಲಿರಬೇಕು. ಬರ್ಮಾದ ರಾಜಮನೆತನದವರು ಇವರ ಜೊತೆ ಸೇರುವುದು ಸರಕಾರಕ್ಕೆ ಬೇಡ. ಹೀಗೆ ಎರಡು ಬಗೆಯ ಜಂಬಗಳ ನಡುವೆ ನಾಲ್ಕು ಹುಡುಗಿಯರ ಪ್ರಾಯ ಕಳೆದುಹೋಯಿತು.

ದೊಡ್ಡವಳಿಗೆ ಅರಮನೆಯ ದರವಾನ ಗೋಪಾಲ ಸಾವಂತನ ಜೊತೆ ಪ್ರೀತಿಯಾಯಿತು. ಅವನಿಗೆ ಮೊದಲೇ ಹೆಂಡತಿ ಇದ್ದಳು. 1906ರಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ಟೂಟೂ ಎಂದು ಕರೆದರು. ಎರಡನೆಯವಳು ತಂದೆಯ ಹತ್ತಿರ ಕೆಲಸಕ್ಕಿದ್ದ ಬರ್ಮೀ ಕಾರ್ಯದರ್ಶಿಯನ್ನು ಕಟ್ಟಿಕೊಂಡು ಹೊರಟುಹೋದಳು, ತಾಯಿ ಕೊನೆಯವರೆಗೂ ಕ್ಷಮಿಸಲಿಲ್ಲ. ಆ ದಂಪತಿ ಮುಂದೆ ಕಾಲಿಂಪಾಂಗಿನಲ್ಲಿ ನೆಲೆಸಿದರು. ರಾಜ ಸತ್ತ ಮೇಲೆ 1919ರಲ್ಲಿ ರಾಣಿಗೆ ರಂಗೂನಿಗೆ ಮರಳಲು ಅಪ್ಪಣೆ ಸಿಕ್ಕಿತು. ಮಂಡಾಲೆಗಲ್ಲ, ರಂಗೂನಿಗೆ. ಟೂಟೂ ಮತ್ತು ಅವಳ ತಾಯಿ ಜೊತೆಗೆ ಹೋದರು. ಆದರೆ ಅಲ್ಲಿ ಇವರಿಗೆ ಜಾಗವಿರಲಿಲ್ಲ. ಸ್ವಲ್ಪ ಸಮಯದಲ್ಲೇ ರತ್ನಾಗಿರಿಗೆ ವಾಪಸಾದರು. ದೊಡ್ಡ ರಾಜಕುಮಾರಿ ಬಡತನದಲ್ಲಿ ದಿನ ಕಳೆದು 1947ರಲ್ಲಿ ಅಲ್ಲೇ ತೀರಿಕೊಂಡಳು.

ಟೂಟೂ ಅಲ್ಲಿಯವರೇ ಒಬ್ಬರನ್ನು ಮದುವೆಯಾದರು. ಮಕ್ಕಳಾದವು. ಸೆಗಣಿ ಬೆರಣಿ ತಟ್ಟಿ ಮಾರಿದರು, ಕಾಗದದ ಹೂ ಮಾಡಿ ಮಾರಿದರು. ಮರಾಠಿ ಬಿಟ್ಟರೆ ಬೇರೆ ಭಾಷೆ ಬಾರದು. ಊರವರಿಗೆ ಅವರು ಬೈಸು. 2000ದ ತನಕ ಬದುಕಿದ್ದರು ಎಂದರೆ ನೋಡಿ, ಬರ್ಮಾದ ಕೊನೆಯ ರಾಜನ ಮೊಮ್ಮಗಳು! ನಾನು ಬ್ಯಾಂಕಿಗೆ ಸೇರಿದ ಮೇಲೂ ರತ್ನಾಗಿರಿಯ ಓಣಿಯಲ್ಲಿ ಒಂಬತ್ತು ಗಜದ ಸೀರೆಯ ಮುದುಕಿಯರ ನಡುವೆ ಒಬ್ಬರು ಅವರೂ ಇದ್ದರು. ಅದೇ 2000ದಲ್ಲಿ ಅಮಿತಾವ್ ಘೋಷ್ ಅವರ 'ದಿ ಗ್ಲಾಸ್ ಪ್ಯಾಲೇಸ್' ಬಂತು. ಥೀಬಾನ ಹೆಸರು ಇಂಗ್ಲಿಷ್ ಓದುವವರಿಗೆಲ್ಲ ಗೊತ್ತಾಯಿತು. 2012ರಲ್ಲಿ ಸುಧಾ ಶಾ ಎಂಬವರು ಈ ಸಂಸಾರದ ಬಗ್ಗೆಯೇ 'ದಿ ಕಿಂಗ್ ಇನ್ ಎಕ್ಸೈಲ್' ಎಂಬ ದೊಡ್ಡ ಪುಸ್ತಕ ಬರೆದರು. ಓದುವ ಹವ್ಯಾಸ ಇರುವವರು ಹೋಗುವ ಮುಂಚೆ ಅದನ್ನು ಓದಿ. ಮನೆ ನೋಡುವಾಗ ಕೋಣೆಗಳು ಖಾಲಿ ಕಾಣುವುದಿಲ್ಲ.

ನಾನು ದಫ್ತರಿಯವರನ್ನು ಕೇಳಿದೆ, "ಬೈಸು ಅವರನ್ನು ನೀವು ನೋಡಿದ್ದೀರಾ?"

"ನೋಡದೆ ಏನು ಸಾಹೇಬ್? ನಮ್ಮ ಹಾಗೇ ಇದ್ದರು" ಎಂದರು.

"ರಾಜನ ಮೊಮ್ಮಗಳು ಎಂದು ಜನ ಏನಾದರೂ..."

"ಮೊದಮೊದಲು ಹೇಳುತ್ತಿದ್ದರಂತೆ. ಆಮೇಲೆ ಯಾರು ಹೇಳುತ್ತಾರೆ? ಅವರೂ ಇಲ್ಲಿಯವರೇ ಅಲ್ಲವೇ."

ಈ ಮಾತನ್ನು ನಾನು ತುಂಬ ದಿನ ಯೋಚಿಸಿದೆ. ಟೂಟೂ ಕತೆ ಬರೆದವರು ಹೆಚ್ಚಿನವರು ಎರಡು ಸಂಗತಿಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಅಯ್ಯೋ ಎನ್ನುತ್ತಾರೆ: ಒಂದು, ರಾಜವಂಶದವಳು ಬೆರಣಿ ತಟ್ಟಿದಳು, ಎರಡು, ಅವಳಿಗೆ ಬರ್ಮೀ ಭಾಷೆಯೇ ಬರುತ್ತಿರಲಿಲ್ಲ. ಮೊದಲನೆಯದಕ್ಕೆ ಅಯ್ಯೋ ಅನ್ನಲೇಬೇಕು, ರಾಜವಂಶ ಎಂದಲ್ಲ, ಯಾವ ಮುದುಕಿಗೂ ಆ ಪ್ರಾಯದಲ್ಲಿ ಆ ಕೆಲಸ ಬರಬಾರದು. ತಾತನ ಪೆನ್ಶನ್ನಿನಲ್ಲಿ, ತಾತನಿಂದ ಹೋದ ಮಾಣಿಕ್ಯದಲ್ಲಿ ಅವರಿಗೆ ಒಂದು ಕಾಸಿನ ಪಾಲಾದರೂ ಬರಬೇಕಿತ್ತು. ಎರಡನೆಯದಕ್ಕೆ ಯಾಕೆ ಅಯ್ಯೋ? ಅವರಿಗೆ ಮರಾಠಿ ಇತ್ತಲ್ಲ. ಗಂಡ, ಮಕ್ಕಳು, ಓಣಿ, ಹಬ್ಬ ಎಲ್ಲ ಆ ಭಾಷೆಯಲ್ಲೇ ಇತ್ತು. ರಂಗೂನಿನಲ್ಲಿ ಬೇಡವಾದ ಹುಡುಗಿಯನ್ನು ಒಳಗೆ ಕರೆದುಕೊಂಡದ್ದು ಆ ಓಣಿ.

ಇಲ್ಲಿ ನನ್ನ ಸ್ವಾರ್ಥವೂ ಇದೆ, ಮುಚ್ಚಿಡುವುದಿಲ್ಲ. ನನ್ನ ಮಗಳು ಹುಟ್ಟಿದ್ದು ಬೆಳೆದದ್ದು ಇಲ್ಲಿ. ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಮರಾಠಿ ನೀರು ಕುಡಿದ ಹಾಗೆ. ಊರಿಗೆ ಹೋದಾಗ ನನ್ನ ಅಮ್ಮ, "ಮಗೂಗೆ ಬರೆಯಲಿಕ್ಕೂ ಕಲಿಸಲಿಲ್ಲ ಅಲ್ಲನಾ ನೀನು" ಎಂದು ಈಗಲೂ ಕೇಳುತ್ತಾರೆ. ನನಗೆ ನೋವಿಲ್ಲ ಅಂತಲ್ಲ, ಇದೆ. ಈ ಬರಹವನ್ನೇ ಅವಳು ಓದಲಾರಳು, ನಾನು ಓದಿ ಹೇಳಬೇಕು. ಆದರೆ ಆ ನೋವು ನನ್ನದು, ಅವಳದ್ದಲ್ಲ. ಅವಳಿಗೆ ಇದು ಪರನಾಡಲ್ಲ. ವೇದಿಕೆ ಮೇಲೆ ನಿಂತು 'ವನವಾಸ' ಎನ್ನುವ ಹಿರಿಯರು ಮುಂದಿನ ಸಾಲಿನಲ್ಲಿ ಕೂತ ಮಕ್ಕಳಿಗೆ ಹೇಳುತ್ತಿರುವುದೇನು? ನೀವು ಹುಟ್ಟಿದ ಊರು ಕಾಡು ಅಂತಲೇ? ಹಾಗೆ ಹೇಳಿದರೆ ಅವರು ಮುಂದಿನ ವರ್ಷ ಸಮಾರಂಭಕ್ಕೂ ಬರುವುದಿಲ್ಲ, ಕನ್ನಡವನ್ನೂ ಕಲಿಯುವುದಿಲ್ಲ. ಹೊಟ್ಟೆಪಾಡಿಗೆ ಬಂದೆವು, ಊರು ನಮ್ಮನ್ನು ಇರಿಸಿಕೊಂಡಿತು, ಕನ್ನಡ ನಮಗೆ ಇಷ್ಟ ಅದಕ್ಕೇ ಆಡುತ್ತೇವೆ. ಇಷ್ಟು ಹೇಳಿದರೆ ಸಾಕಲ್ಲ? ಅಟ್ಟಲ್ಪಟ್ಟವರ ಶಬ್ದವನ್ನು ಅಟ್ಟಲ್ಪಟ್ಟವರಿಗೇ ಬಿಡೋಣ.

ರತ್ನಾಗಿರಿಗೆ ಹೋದಾಗ ಇನ್ನೊಂದು ವಿಚಿತ್ರ ಹೊಳೆಯಿತು. ಲೋಕಮಾನ್ಯ ತಿಲಕರು ಹುಟ್ಟಿದ್ದು 1856ರಲ್ಲಿ ಈ ಊರಿನಲ್ಲೇ. 1908ರಲ್ಲಿ ಅವರಿಗೆ ಆರು ವರ್ಷ ಶಿಕ್ಷೆಯಾಗಿ ಕಳಿಸಿದ್ದು ಎಲ್ಲಿಗೆ? ಮಂಡಾಲೆಗೆ! ರತ್ನಾಗಿರಿಯವರು ಮಂಡಾಲೆಯ ಜೈಲಿನಲ್ಲಿ ಕೂತು 'ಗೀತಾರಹಸ್ಯ' ಬರೆಯುತ್ತಿರುವಾಗ ಮಂಡಾಲೆಯ ರಾಜ ರತ್ನಾಗಿರಿಯಲ್ಲಿ ಕೂತಿದ್ದ. ಅದಕ್ಕೂ ಹಿಂದೆ 1858ರಲ್ಲಿ ದಿಲ್ಲಿಯ ಬಹಾದುರ್ ಶಾ ಜಫರನನ್ನು ರಂಗೂನಿಗೆ ಸಾಗಿಸಿದ್ದರು. 1862ರಲ್ಲಿ ಅಲ್ಲೇ ತೀರಿಕೊಂಡ. ಗುರುತು ಸಿಗಬಾರದೆಂದು ಹೂತ ಗೋರಿ 1991ರಲ್ಲಷ್ಟೇ ಪತ್ತೆಯಾಯಿತು. ನಮ್ಮ ಬಾದಶಹ ಅಲ್ಲಿ, ಅವರ ರಾಜ ಇಲ್ಲಿ. ಬ್ಯಾಂಕಿನ ವರ್ಗಾವಣೆ ವಿಭಾಗದವರಿಗೂ ಇಂಥ ತಲೆ ಓಡಲಿಕ್ಕಿಲ್ಲ.

ಥೀಬಾನ ಸಮಾಧಿ ಅರಮನೆಯಲ್ಲಿಲ್ಲ, ಊರಿನಲ್ಲಿ ಬೇರೆ ಕಡೆ ಇದೆ. ಸತ್ತ ಮೇಲೂ ಅವನಿಗೆ ಬೇಗ ಮಣ್ಣು ಸಿಗಲಿಲ್ಲ. ಗಂಡನ ದೇಹವನ್ನು ಬರ್ಮಾಕ್ಕೆ ಒಯ್ಯುತ್ತೇನೆ ಎಂದು ರಾಣಿ, ಆಗದು ಎಂದು ಸರಕಾರ. ಎರಡು ವರ್ಷ ಪೆಟ್ಟಿಗೆ ಅಂಗಳದಲ್ಲೇ ಉಳಿಯಿತು. ಕೊನೆಗೆ 1919ರಲ್ಲಿ ರಾಣಿಯ ಮಾತು ಮೀರಿ ಸರಕಾರ ರತ್ನಾಗಿರಿಯಲ್ಲೇ ಸಮಾಧಿ ಮಾಡಿಸಿತು. ಜೊತೆಗೆ ಇರುವುದು 1912ರಲ್ಲಿ ತೀರಿಕೊಂಡಿದ್ದ ಕಿರಿಯ ರಾಣಿ, ಸುಪಾಯಲತಳ ತಂಗಿ. ಸುಪಾಯಲತ್ 1925ರಲ್ಲಿ ರಂಗೂನಿನಲ್ಲಿ ತೀರಿಕೊಂಡಳು, ಅವಳ ಸಮಾಧಿ ಅಲ್ಲಿದೆ. ಮಂಡಾಲೆಯ ಸಿಂಹಾಸನವನ್ನು ಬ್ರಿಟಿಷರು ಕಲಕತ್ತೆಯ ಮ್ಯೂಸಿಯಮ್ಮಿಗೆ ತಂದಿದ್ದರು. 1945ರ ಯುದ್ಧದಲ್ಲಿ ಮಂಡಾಲೆಯ ಅರಮನೆ ಸುಟ್ಟುಹೋದಾಗ ಅದು ಇಲ್ಲಿದ್ದದ್ದರಿಂದ ಉಳಿಯಿತು. ಬರ್ಮಾ ಸ್ವತಂತ್ರವಾದ 1948ರಲ್ಲಿ ಮರಳಿ ಹೋಯಿತು. ಸಿಂಹಾಸನ ಊರಿಗೆ ಹೋಯಿತು, ಅದರ ಮೇಲೆ ಕೂತವನು ಇಲ್ಲೇ ಉಳಿದ.

ಅವನನ್ನೂ ಕಳಿಸಿಕೊಡಬೇಕು ಎಂಬ ಮಾತು ಆಗಾಗ ಏಳುತ್ತದೆ. 2012ರ ಡಿಸೆಂಬರಿನಲ್ಲಿ ಆಗಿನ ಮ್ಯಾನ್ಮಾರ್ ಅಧ್ಯಕ್ಷ ಥೇನ್ ಸೇನ್ ರತ್ನಾಗಿರಿಗೆ ಬಂದು ಸಮಾಧಿಗೆ ಗೌರವ ಸಲ್ಲಿಸಿ ಹೋದಾಗಲೂ ಪತ್ರಿಕೆಗಳಲ್ಲಿ ಇದು ಚರ್ಚೆಯಾಗಿತ್ತು. ನನ್ನನ್ನು ಕೇಳಿದರೆ, ಇದನ್ನು ಎರಡು ಸರಕಾರಗಳು ತೀರ್ಮಾನಿಸಬಾರದು. 2021ರಿಂದ ಅಲ್ಲಿ ಸೈನ್ಯ ನಡೆಸಿರುವುದನ್ನು ನೋಡಿದರೆ, ಒಬ್ಬ ಹಳೆಯ ರಾಜನ ಎಲುಬನ್ನು ಯಾರು ಯಾವುದಕ್ಕೆ ಮೆರವಣಿಗೆ ಮಾಡುತ್ತಾರೋ ಹೇಳಲಾಗದು. ವಾರಸುದಾರರು ಇದ್ದಾರೆ, ಇಲ್ಲೂ ಇದ್ದಾರೆ, ಅಲ್ಲೂ ಇದ್ದಾರೆ. ನಾಮಿನಿ ಇಲ್ಲದ ಒಬ್ಬ ಖಾತೆದಾರ ತೀರಿಕೊಂಡರೆ ನಾವು ಎಲ್ಲ ವಾರಸುದಾರರ ಸಹಿ ಇಲ್ಲದೆ ಒಂದು ರೂಪಾಯಿ ಬಿಡುವುದಿಲ್ಲ. ಅವರೆಲ್ಲ ಒಟ್ಟಿಗೆ ಕೂತು ಹೇಳಲಿ. ಬೈಸು ಕಡೆಯವರ ಸಹಿ ಅದರಲ್ಲಿ ಮೊದಲು ಇರಲಿ. ನೂರು ವರ್ಷದಿಂದ ಆ ಸಮಾಧಿಯ ಊರಲ್ಲೇ ಇದ್ದವರು ಅವರು.

ಅಲ್ಲಿಯವರೆಗೆ ಮಾಡಬಹುದಾದದ್ದು ಒಂದಿದೆ. ಅರಮನೆಯ ಯಾವುದಾದರೂ ಒಂದು ಕೋಣೆ, ಅಮೃತಶಿಲೆಯ ಹಾಲೇ ಆಗಬೇಕೆಂದಿಲ್ಲ, ಆ ನಾಲ್ಕು ಹುಡುಗಿಯರಿಗೂ ಟೂಟೂಗೂ ಮೀಸಲಾಗಲಿ. ಅವರ ಫೋಟೋಗಳು, ಯಾರು ಯಾವಾಗ ಹುಟ್ಟಿದರು, ಎಲ್ಲಿ ಹೋದರು, ಎಲ್ಲಿ ತೀರಿಕೊಂಡರು ಎಂದು ಮರಾಠಿಯಲ್ಲಿ, ಬರ್ಮೀಯಲ್ಲಿ, ಇಂಗ್ಲಿಷಿನಲ್ಲಿ ಗೋಡೆಗೆ ಬರೆದರೆ ಸಾಕು. ದೊಡ್ಡ ಖರ್ಚೇನೂ ಇಲ್ಲ. ಪುಣೆಯ ಆ ಯಜಮಾನರು ಮಕ್ಕಳನ್ನು ಕರೆದುಕೊಂಡು ಆ ಕೋಣೆಗೆ ಬಂದರೆ, "ಇಂಥ ಜೈಲು ನಮಗೂ ಸಿಗಲಿ" ಎಂಬ ಮಾತು ಅವರ ಬಾಯಿಂದ ಬರಲಾರದು. ಅದರಲ್ಲೂ ಅವರ ಜೊತೆಗಿದ್ದ ಮಕ್ಕಳು ಮೂವರೂ ಹೆಣ್ಣುಮಕ್ಕಳು.

ಹೋಗುವವರಿಗೆ ಒಂದು ಮಾತು: ಮುಂಬಯಿಯಿಂದ ಸುಮಾರು 340 ಕಿಲೋಮೀಟರು, ರಸ್ತೆಗಿಂತ ರೈಲೇ ವಾಸಿ. ಊರಿಗೆ ಹೋಗುವಾಗ ನಡುವೆ ಒಂದು ದಿನ ಇಳಿದರೂ ಆಯಿತು. ಸಮಾಧಿಯ ಜಾಗವನ್ನು ಆಟೋದವರಲ್ಲಿ ಮೊದಲೇ ಹೇಳಿಬಿಡಿ. ಪ್ಯಾಲೇಸು ಎಂದಷ್ಟೇ ಹೇಳಿದರೆ ಅಲ್ಲಿ ಇಳಿಸಿ ಹೋಗುತ್ತಾರೆ.